ಕೋವಿ ಕೇಳಿದ ಸರ್ಕಾರ, ಕೊಡಲೊಲ್ಲದ ಜನ



ಕಾನೂನಿಗೂ ಜನಜೀವನಕ್ಕೂ ಇರುವ ಸಂಬಂಧದ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಎಂಬುದು ಈ ದತ್ತಿಯ ಆಶಯ. ಈ ಸಲ ನಾನು ಎತ್ತಿಕೊಂಡಿರುವುದು ದೂರದೇಶದ ಒಂದು ಜಗಳವನ್ನು. ಪ್ರಜೆಗಳ ಮನೆಯಲ್ಲಿರುವ ಬಂದೂಕುಗಳನ್ನು ದುಡ್ಡು ಕೊಟ್ಟು ವಾಪಸು ಪಡೆಯಲು ಸರ್ಕಾರ ಹೊರಟಾಗ ಜನ ಯಾಕೆ ತಿರುಗಿ ಬೀಳುತ್ತಾರೆ? ಆ ವಿರೋಧದಲ್ಲಿ ಹುರುಳು ಎಷ್ಟು? ಅದನ್ನು ಸರ್ಕಾರ ಹೇಗೆ ಎದುರಿಸಬೇಕು? ಈ ಸಭೆಯಲ್ಲಿ ಕುಳಿತಿರುವ ಅನೇಕರ ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇದೆ. ಹಾಗಾಗಿ ಇದು ನಿಮಗೆ ಯಾರದೋ ಮನೆಯ ಮಾತು ಅನ್ನಿಸಲಾರದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. 1996ರಲ್ಲಿ ಆಸ್ಟ್ರೇಲಿಯಾ ಮಾಡಿದ ಬಂದೂಕು ಕಾನೂನು ಸರಿಯಾದದ್ದು ಎಂದು ನಂಬಿದವನು ನಾನು. ಅದನ್ನು ವಿರೋಧಿಸಿದವರನ್ನು ಪುಂಡರೆಂದು, ಹಳ್ಳಿಗುಗ್ಗುಗಳೆಂದು ತಳ್ಳಿಹಾಕಿದ್ದು ತಪ್ಪು ಎಂದೂ ಅಷ್ಟೇ ಗಟ್ಟಿಯಾಗಿ ನಂಬಿದ್ದೇನೆ. ತಪ್ಪು ಮಾಡದವನ ಕೈಯಿಂದ ಸರ್ಕಾರ ಏನನ್ನಾದರೂ ಕಿತ್ತುಕೊಳ್ಳುವಾಗ ಬೆಲೆ ಕಟ್ಟಿ ಹಣ ಕೊಟ್ಟರೆ ಸಾಲದು. ಅವನ ಎದುರಿಗೆ ಬಂದು ನಿಂತು ಕೇಳಬೇಕು. ಹಾಗೆ ಕೇಳಿದ ಕಡೆ ಕೆಲಸ ಆಗಿದೆ, ಕೇಳದ ಕಡೆ ಕೆಟ್ಟಿದೆ.

1996ರ ಏಪ್ರಿಲ್ 28, ಭಾನುವಾರ. ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದಲ್ಲಿ ಪೋರ್ಟ್ ಆರ್ಥರ್ ಎಂಬ ಊರು. ಬ್ರಿಟಿಷರು ಕೈದಿಗಳನ್ನು ಇಡುತ್ತಿದ್ದ ಹಳೆಯ ಸೆರೆಮನೆಯ ಅವಶೇಷಗಳನ್ನು ನೋಡಲು ಪ್ರವಾಸಿಗರು ಬರುವ ಜಾಗ. 28 ವರ್ಷದ ಒಬ್ಬ ಯುವಕ ಅಲ್ಲಿನ ಕೆಫೆಯಲ್ಲಿ ಊಟ ಮುಗಿಸಿದ. ಚೀಲದಿಂದ ಅರೆಸ್ವಯಂಚಾಲಿತ ರೈಫಲ್ ತೆಗೆದು ಸುತ್ತ ಕುಳಿತವರ ಮೇಲೆ ಗುಂಡು ಹಾರಿಸತೊಡಗಿದ. ಮುಗಿಯುವ ಹೊತ್ತಿಗೆ 35 ಜನ ಸತ್ತಿದ್ದರು. ವಾಲ್ಟರ್ ಮಿಕಾಕ್ ಎಂಬ ಔಷಧ ವ್ಯಾಪಾರಿ ಆ ಮಧ್ಯಾಹ್ನ ಹೆಂಡತಿಯನ್ನೂ, ಆರು ಮತ್ತು ಮೂರು ವರ್ಷದ ಇಬ್ಬರು ಹೆಣ್ಣುಮಕ್ಕಳನ್ನೂ ಕಳೆದುಕೊಂಡರು. ಕೊಂದವನ ಹತ್ತಿರ ಬಂದೂಕಿನ ಲೈಸೆನ್ಸೇ ಇರಲಿಲ್ಲ. ಈ ಸಂಗತಿ ಮುಂದಿನ ಇಡೀ ಜಗಳಕ್ಕೆ ಬೀಜವಾಯಿತು.

ಜಾನ್ ಹೋವರ್ಡ್ ಪ್ರಧಾನಿಯಾಗಿ ಆಗ ಎರಡು ತಿಂಗಳೂ ತುಂಬಿರಲಿಲ್ಲ. ಅವರದು ಸಂಪ್ರದಾಯವಾದಿ ಒಕ್ಕೂಟ. ನಗರದ ವ್ಯಾಪಾರಸ್ಥರ ಲಿಬರಲ್ ಪಕ್ಷ ಒಂದು ಕಡೆ, ಹಳ್ಳಿಯ ರೈತರ ನ್ಯಾಷನಲ್ ಪಕ್ಷ ಇನ್ನೊಂದು ಕಡೆ. ಬಂದೂಕು ಇಟ್ಟುಕೊಂಡವರಲ್ಲಿ ದೊಡ್ಡ ಪಾಲು ಇವರ ಮತದಾರರೇ. ಅಲ್ಲದೆ ಆ ದೇಶದ ಸಂವಿಧಾನದ ಪ್ರಕಾರ ಬಂದೂಕು ಕಾನೂನು ರಾಜ್ಯಗಳಿಗೆ ಸೇರಿದ್ದು. ಕೇಂದ್ರದ ಕೈಯಲ್ಲಿದ್ದದ್ದು ಆಮದು ನಿಷೇಧ ಮಾತ್ರ. ಕ್ವೀನ್ಸ್‌ಲ್ಯಾಂಡ್, ಟಾಸ್ಮೇನಿಯಾ, ನ್ಯೂ ಸೌತ್ ವೇಲ್ಸ್‌ಗಳಲ್ಲಿ ಉದ್ದ ನಳಿಗೆಯ ಬಂದೂಕುಗಳಿಗೆ ನೋಂದಣಿಯೂ ಇರಲಿಲ್ಲ. ಇಷ್ಟೆಲ್ಲ ತೊಡಕಿದ್ದರೂ ಕೊಲೆ ನಡೆದ ಹನ್ನೆರಡನೆಯ ದಿನ, ಮೇ 10ರಂದು, ಕೇಂದ್ರ ಮತ್ತು ರಾಜ್ಯಗಳ ಪೊಲೀಸ್ ಸಚಿವರು ಒಂದೇ ಮೇಜಿನ ಸುತ್ತ ಕುಳಿತು ಒಪ್ಪಂದಕ್ಕೆ ಬಂದರು. ಅರೆಸ್ವಯಂಚಾಲಿತ ರೈಫಲ್‌, ಶಾಟ್‌ಗನ್‌ಗಳು ಮತ್ತು ಪಂಪ್ ಆಕ್ಷನ್ ಶಾಟ್‌ಗನ್‌ಗಳು ಸಾಮಾನ್ಯ ಜನರಿಗೆ ಇಲ್ಲ. ಎಲ್ಲ ಬಂದೂಕಿಗೂ ನೋಂದಣಿ. ಕೊಳ್ಳಲು 28 ದಿನ ಕಾಯಬೇಕು. ಲೈಸೆನ್ಸಿಗೆ ತಕ್ಕ ಕಾರಣ ತೋರಿಸಬೇಕು, ಆತ್ಮರಕ್ಷಣೆ ಎಂಬುದು ಕಾರಣವಾಗದು. ನಿಷೇಧಕ್ಕೆ ಒಳಗಾದ ಬಂದೂಕುಗಳನ್ನು ಸರ್ಕಾರವೇ ಬೆಲೆ ಕೊಟ್ಟು ಕೊಳ್ಳುತ್ತದೆ.

ಆಗಿನ ಜನಾಭಿಪ್ರಾಯ ಸಂಗ್ರಹಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಈ ನಿಷೇಧವನ್ನು ಮೆಚ್ಚಿದ್ದರು. ಹಾಗಿದ್ದರೆ ಮೆಲ್ಬರ್ನ್, ಸಿಡ್ನಿ ಬೀದಿಗಳಲ್ಲಿ ಹತ್ತಾರು ಸಾವಿರ ಜನ ಮೆರವಣಿಗೆ ಹೊರಟದ್ದು ಯಾಕೆ? ಮಿಕ್ಕ ಆ ಒಬ್ಬ ಯಾರು?

ಮೊದಲು ರೈತನನ್ನು ನೋಡೋಣ. ಕ್ವೀನ್ಸ್‌ಲ್ಯಾಂಡಿನ ಒಳನಾಡಿನಲ್ಲಿ ಸಾವಿರಾರು ಎಕರೆ ಹುಲ್ಲುಗಾವಲು ಇಟ್ಟುಕೊಂಡವನಿಗೆ ಕಾಡುಹಂದಿಯ ಹಿಂಡು, ಮೊಲದ ಕಾಟ, ಕುರಿಮರಿ ಹೊತ್ತೊಯ್ಯುವ ನರಿ ನಿತ್ಯದ ಗೋಳು. ಹಿಂಡು ಓಡುವಾಗ ಒಂದು ಈಡು ಹೊಡೆದು, ಬೋಲ್ಟ್ ಎಳೆದು, ಮತ್ತೆ ಗುರಿ ಹಿಡಿಯುವಷ್ಟರಲ್ಲಿ ಹಂದಿಗಳು ಪೊದೆ ಸೇರಿರುತ್ತವೆ. ಬರಗಾಲ ಬಂದರೆ ಇನ್ನೊಂದು ಸಂಕಟ. ಮೇವಿಲ್ಲದೆ ನೆಲಕ್ಕೆ ಬಿದ್ದ ನೂರಾರು ಕುರಿಗಳನ್ನು ತಾನೇ ಗುಂಡು ಹಾಕಿ ಮುಗಿಸಬೇಕಾದ ದಿನವೂ ಅವನ ಬಾಳಿನಲ್ಲಿದೆ. ನರಳಾಟ ಬೇಗ ಮುಗಿಯಲಿ ಎಂದೇ ಅವನು ಆ ಬಂದೂಕನ್ನು ಇಟ್ಟುಕೊಂಡಿದ್ದ. ಕಾನೂನಿನಲ್ಲಿ ರೈತರಿಗೆ ಒಂದು ವಿನಾಯಿತಿ ಇತ್ತು. ಅಗತ್ಯ ಸಾಬೀತು ಮಾಡಿದರೆ ಕಡಿಮೆ ಶಕ್ತಿಯ, ಹತ್ತು ತೋಟೆಯ ರೈಫಲ್, ಐದು ತೋಟೆಯ ಶಾಟ್‌ಗನ್ ಇಟ್ಟುಕೊಳ್ಳಬಹುದಿತ್ತು. ಆದರೆ ನಿನ್ನೆಯ ತನಕ ಯಾರ ಅಪ್ಪಣೆಯೂ ಬೇಕಿಲ್ಲದ ಕೆಲಸಕ್ಕೆ ಇಂದು ಅರ್ಜಿ ಬರೆದು ಕಾಯುವುದು ಯಾರಿಗಾದರೂ ಕಹಿಯೇ.

ಎರಡನೆಯವರು ಗುರಿಕಾರರು, ಕ್ರೀಡೆಯಾಗಿ ಶೂಟಿಂಗ್ ಮಾಡುವವರು. 1948ರಿಂದಲೂ ಅವರಿಗೊಂದು ರಾಷ್ಟ್ರೀಯ ಸಂಘ ಇತ್ತು. ಭಾನುವಾರ ಮಕ್ಕಳನ್ನು ಕರೆದುಕೊಂಡು ರೇಂಜಿಗೆ ಹೋಗುವ ಕಾರ್ಮಿಕರು, ಮೆಕ್ಯಾನಿಕ್‌ಗಳು, ಗುಮಾಸ್ತರು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ತನಗೆ ಬಂದ ಶಾಟ್‌ಗನ್ನಿಗೆ ಎಣ್ಣೆ ಹಚ್ಚಿ ಒರೆಸಿ ಇಟ್ಟವರು. ಅವರ ವಾದ ನೇರವಾಗಿತ್ತು: "ಕೊಂದವನಿಗೆ ಲೈಸೆನ್ಸ್ ಇರಲಿಲ್ಲ. ನಮಗೆ ಇದೆ. ಅವನ ಪಾಪಕ್ಕೆ ನಮಗೆ ಯಾಕೆ ಶಿಕ್ಷೆ?"

ಈ ಪ್ರಶ್ನೆಯನ್ನು ಹಗುರವಾಗಿ ದಾಟಿಹೋಗಲು ನನಗೆ ಮನಸ್ಸು ಒಪ್ಪುವುದಿಲ್ಲ. ಯಾವ ನ್ಯಾಯಶಾಸ್ತ್ರದಲ್ಲೂ ಒಬ್ಬನ ಅಪರಾಧಕ್ಕೆ ಇನ್ನೊಬ್ಬನನ್ನು ದಂಡಿಸುವಂತಿಲ್ಲ. ಸರ್ಕಾರದ ಪರವಾಗಿ ಕೊಡಬಹುದಾದ ಪ್ರಾಮಾಣಿಕ ಉತ್ತರ ಒಂದೇ. ಇದು ಶಿಕ್ಷೆ ಅಲ್ಲ. ಕೆಲವು ನಿಮಿಷಗಳಲ್ಲಿ ಹತ್ತಾರು ಜನರನ್ನು ಕೊಲ್ಲಬಲ್ಲ ಯಂತ್ರ ಲಕ್ಷಾಂತರ ಮನೆಗಳಲ್ಲಿದ್ದರೆ, ಕದ್ದೋ ಕೊಂಡೋ ಅದು ಕೆಟ್ಟವನ ಕೈಗೆ ಸೇರುವುದನ್ನು ತಡೆಯಲಾಗದು. ಅದಕ್ಕೇ ಒಳ್ಳೆಯವರಿಂದಲೂ ಕೇಳುತ್ತಿದ್ದೇವೆ, ಕೇಳಿದ್ದಕ್ಕೆ ಬೆಲೆ ಕೊಡುತ್ತೇವೆ. ಈ ಉತ್ತರ ನನಗೆ ಒಪ್ಪಿಗೆ. ಆದರೆ ಇದನ್ನು ರೈತನ ಮುಖಕ್ಕೆ ಮುಖ ಕೊಟ್ಟು ಹೇಳುವ ಗುಂಡಿಗೆ ಬೇಕು.

ಮೂರನೆಯ ಗುಂಪೂ ಇತ್ತು. ಸರ್ಕಾರ ಮೊದಲು ಬಂದೂಕು ಕಸಿದುಕೊಂಡು ಆಮೇಲೆ ಸ್ವಾತಂತ್ರ್ಯವನ್ನೇ ಕಸಿಯುತ್ತದೆ ಎಂದು ಕೂಗಿದವರು, ರಕ್ತ ಹರಿಯುತ್ತದೆ ಎಂದು ವೇದಿಕೆಯಿಂದ ಬೆದರಿಸಿದವರು. ಪತ್ರಿಕೆಗಳ ಕ್ಯಾಮೆರಾ ಹೆಚ್ಚು ಹೊತ್ತು ನಿಂತದ್ದು ಇವರ ಮೇಲೆ. ಇವರ ಗದ್ದಲದಲ್ಲಿ ಮೊದಲ ಇಬ್ಬರ ಮಾತು ಮುಚ್ಚಿಹೋಯಿತು. ಪ್ರತಿ ಚಳವಳಿಯಲ್ಲೂ ಹೀಗಾಗುವುದನ್ನು ನಾವು ನೋಡಿದ್ದೇವೆ.

ಈಗ ಒಂದು ದಿನವನ್ನು ಹತ್ತಿರದಿಂದ ನೋಡೋಣ. ಜೂನ್ 16, ವಿಕ್ಟೋರಿಯಾ ರಾಜ್ಯದ ಸೇಲ್ ಎಂಬ ಪಟ್ಟಣ. ಬಂದೂಕುದಾರರು ಕರೆದ ಬಯಲುಸಭೆಗೆ ಪ್ರಧಾನಿ ತಾವೇ ಬಂದರು. ಎದುರಿಗೆ ಕೆಲವು ಸಾವಿರ ಜನ, ಕೈಯಲ್ಲಿ ಫಲಕಗಳು, ಬಾಯಲ್ಲಿ ಧಿಕ್ಕಾರ. ಹೋವರ್ಡ್ ಮಾತಿಗೆ ನಿಂತಾಗ ಅವರ ಕೋಟಿನ ಬೆನ್ನು ವಿಚಿತ್ರವಾಗಿ ಉಬ್ಬಿಕೊಂಡಿತ್ತು. ಭದ್ರತೆಯವರ ಮಾತು ಕೇಳಿ ಒಳಗೆ ಗುಂಡುನಿರೋಧಕ ಕವಚ ತೊಟ್ಟಿದ್ದರು. ಹಿಂದಿನಿಂದ ತೆಗೆದ ಆ ಚಿತ್ರ ಮರುದಿನ ದೇಶವೆಲ್ಲ ಹರಡಿತು. ಸೇರಿದ್ದ ರೈತರಿಗೆ ಅದು ಚುಚ್ಚಿತು. ತಮ್ಮ ಕಷ್ಟ ಹೇಳಿಕೊಳ್ಳಲು ಬಂದವರನ್ನು ಕೊಲೆಗಾರರ ಹಾಗೆ ಕಂಡರಲ್ಲ ಎಂಬ ನೋವು. ಕವಚ ತೊಟ್ಟದ್ದು ತಪ್ಪಾಯಿತು ಎಂದು ಹೋವರ್ಡ್ ಮುಂದೆ ಒಪ್ಪಿಕೊಂಡರು. ಮತ್ತೆಂದೂ ಅದನ್ನು ತೊಡಲಿಲ್ಲ. ನಾನು ಎತ್ತಿ ಹೇಳಬೇಕೆಂದಿರುವುದು ಕವಚದ ವಿಷಯವನ್ನಲ್ಲ. ಗೆದ್ದೆನೆಂದು ರಾಜಧಾನಿಯಲ್ಲಿ ಕುಳಿತು ಅಧಿಸೂಚನೆ ಹೊರಡಿಸಬಹುದಾಗಿದ್ದ ಮನುಷ್ಯ ತನ್ನನ್ನು ಬೈಯಲೆಂದೇ ಸೇರಿದ ಜನರ ನಡುವೆ ಹೋಗಿ ನಿಂತರು, ಕಾರಣ ಹೇಳಿದರು, ಬೈಸಿಕೊಂಡರು.

ಅವರಿಗಿಂತ ದೊಡ್ಡ ಬೆಲೆ ತೆತ್ತವರು ಉಪಪ್ರಧಾನಿ ಟಿಮ್ ಫಿಷರ್. ನ್ಯಾಷನಲ್ ಪಕ್ಷದ ನಾಯಕ, ನ್ಯೂ ಸೌತ್ ವೇಲ್ಸ್‌ನ ಬೋರಿ ಕ್ರೀಕ್ ಎಂಬ ಪುಟ್ಟ ಊರಿನ ರೈತ, ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡು ಬಂದವರು. ಬಂದೂಕು ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೋವರ್ಡ್ ಅವರಿಗೆ ಸಿಡ್ನಿಯ ಮತದಾರರ ಬೆಂಬಲ ಇತ್ತು. ಫಿಷರ್ ತನ್ನ ಬಂಧುಬಳಗದ, ತನ್ನ ಪಕ್ಷದ ಕಾರ್ಯಕರ್ತರ ಮನೆಯಂಗಳಕ್ಕೇ ಹೋಗಿ ಬಂದೂಕು ಒಪ್ಪಿಸಿ ಎನ್ನಬೇಕಾಗಿತ್ತು. ಊರೂರು ಅಲೆದು ಹಾಗೆಯೇ ಅಂದರು. ಕ್ವೀನ್ಸ್‌ಲ್ಯಾಂಡಿನಲ್ಲಿ ಅವರ ಪ್ರತಿಕೃತಿಯನ್ನು ನೇಣಿಗೆ ಹಾಕಿದರು. ಅವರು ಹಿಂದೆ ಸರಿಯಲಿಲ್ಲ. ರಾಜಕೀಯದಲ್ಲಿ ಎದುರು ಪಕ್ಷದವರನ್ನು ಎದುರಿಸುವುದು ದಿನದ ಕೆಲಸ. ನಮ್ಮವರೇ ಎಂದುಕೊಂಡವರ ಎದುರು ಅವರಿಗೆ ಬೇಡವಾದದ್ದನ್ನು ಹೇಳುವುದು ಅಪರೂಪ. ಈ ಕಾನೂನಿನ ಕೀರ್ತಿಯೆಲ್ಲ ಹೋವರ್ಡ್ ಹೆಸರಿಗೆ ಹೋಗಿದೆ, ಅರ್ಧವಾದರೂ ಫಿಷರ್ ಅವರಿಗೆ ಸಲ್ಲಬೇಕು.

ರಾಜ್ಯಗಳು ನಡುವೆ ಜಗ್ಗಾಡಿದವು. ಬಂದೂಕನ್ನು ಕಿತ್ತುಕೊಳ್ಳುವುದು ಬೇಡ, ತೋಟೆ ತುಂಬುವ ಮ್ಯಾಗಜೀನನ್ನು ಅದುಮಿ ಹೆಚ್ಚು ತೋಟೆ ಹಿಡಿಯದಂತೆ ಮಾಡಿದರೆ ಸಾಕು ಎಂಬ ಸಲಹೆ ಬಂತು. ಅದುಮಿದ್ದನ್ನು ಮತ್ತೆ ಬಿಡಿಸಬಹುದು ಎಂದು ಹೋವರ್ಡ್ ಒಪ್ಪಲಿಲ್ಲ. ರಾಜ್ಯಗಳು ಹಟ ಹಿಡಿದರೆ ಜನಮತಗಣನೆಗೆ ಹೋಗುತ್ತೇನೆ ಎಂದರು. ಎಲ್ಲರೂ ಬಗ್ಗಿದರು.

ಹಣದ ವಿಷಯ. ಕೇಂದ್ರ ಯಾರ ಆಸ್ತಿಯನ್ನಾದರೂ ಪಡೆಯುವುದಾದರೆ ನ್ಯಾಯವಾದ ಶರತ್ತಿನ ಮೇಲೆ ಪಡೆಯಬೇಕು ಎಂದು ಆಸ್ಟ್ರೇಲಿಯಾದ ಸಂವಿಧಾನದ 51ನೆಯ ವಿಧಿಯಲ್ಲಿದೆ. ಪರಿಹಾರಕ್ಕೆ ದುಡ್ಡು ಹೊಂದಿಸಲು ಮೆಡಿಕೇರ್ ಎಂಬ ಆರೋಗ್ಯ ಯೋಜನೆಯ ತೆರಿಗೆಯನ್ನು ಒಂದೇ ಒಂದು ವರ್ಷದ ಮಟ್ಟಿಗೆ ಆದಾಯದ ಶೇ. 1.5ರಿಂದ 1.7ಕ್ಕೆ ಏರಿಸಿದರು. ಬಂದೂಕು ಇಲ್ಲದವನೂ ತೆತ್ತ. ಇದು ಈ ಯೋಜನೆಯ ಅತ್ಯಂತ ನ್ಯಾಯವಾದ ಭಾಗ ಎಂದು ನನ್ನ ಅಭಿಪ್ರಾಯ. ಊರಿಗೆಲ್ಲ ನೆಮ್ಮದಿ ಬೇಕಾದರೆ ಊರೆಲ್ಲ ಕೈಯಿಂದ ಹಾಕಬೇಕು. ಅಚ್ಚಾದ ದರಪಟ್ಟಿ ಇತ್ತು, ಯಾವ ಮಾದರಿಗೆ ಎಷ್ಟು ಎಂದು. ಜನ ಸಾಲಾಗಿ ಬಂದು ಬಂದೂಕು ಕೊಟ್ಟು ರಸೀತಿ ಪಡೆದರು. ಯಂತ್ರದಲ್ಲಿ ಕತ್ತರಿಸಿ, ಜಜ್ಜಿ ಗುಜರಿಗೆ ಹಾಕಿದ ಬಂದೂಕುಗಳ ರಾಶಿಯ ಚಿತ್ರಗಳು ಇವತ್ತಿಗೂ ಸಿಗುತ್ತವೆ. 1997ರ ಸೆಪ್ಟೆಂಬರ್ ಹೊತ್ತಿಗೆ ಒಪ್ಪಿಸಿದ ಬಂದೂಕುಗಳು ಸುಮಾರು 6,40,000.

ಅದರಿಂದ ಏನಾಯಿತು ಎಂಬ ಬಗ್ಗೆ ಪಂಡಿತರಲ್ಲಿ ಇಂದಿಗೂ ಒಮ್ಮತ ಇಲ್ಲ. ಬಂದೂಕಿನ ಸಾವು ಮೊದಲೇ ಇಳಿಯುತ್ತಿತ್ತು, ಕಾನೂನಿನ ಪಾಲು ಕಡಿಮೆ ಎನ್ನುವವರಿದ್ದಾರೆ. ಅದರ ನಂತರ ಇಳಿಕೆ ಚುರುಕಾಯಿತು, ಅದರಲ್ಲೂ ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವುದು ಬಹಳ ತಗ್ಗಿತು ಎಂದು ಲೆಕ್ಕ ತೋರಿಸುವವರೂ ಇದ್ದಾರೆ. ನನಗೆ ದೊಡ್ಡದಾಗಿ ಕಾಣುವುದು ಬೇರೊಂದು ಲೆಕ್ಕ. ಒಂದೇ ಸಲಕ್ಕೆ ಐದು ಅಥವಾ ಹೆಚ್ಚು ಜನ ಸತ್ತ ಗುಂಡಿನ ದಾಳಿಗಳು ಕಾನೂನಿಗೆ ಮುಂಚಿನ 18 ವರ್ಷಗಳಲ್ಲಿ 13 ನಡೆದಿದ್ದವು. ಆಮೇಲೆ ಎರಡು ದಶಕಕ್ಕೂ ಮಿಕ್ಕಿ, 2018ರವರೆಗೆ, ಒಂದೂ ನಡೆಯಲಿಲ್ಲ.

ಆದರೆ ಗಾಯ ಉಳಿಯಿತು. 1998ರ ಜೂನ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ವಿಧಾನಸಭಾ ಚುನಾವಣೆ ನಡೆದಾಗ ಪಾಲಿನ್ ಹ್ಯಾನ್ಸನ್ ಅವರ ಹೊಸ ಪಕ್ಷ ಒನ್ ನೇಷನ್ ಸುಮಾರು ಶೇ. 23 ಮತ ಗಳಿಸಿ 89ರಲ್ಲಿ 11 ಸ್ಥಾನ ಗೆದ್ದಿತು. ಬಂದೂಕು ಕಾನೂನಿಗೆ ಒಪ್ಪಿದ್ದ ನ್ಯಾಷನಲ್ ಪಕ್ಷದ ಮುಖ್ಯಮಂತ್ರಿ ರಾಬ್ ಬೋರ್‌ಬಿಜ್ ಅಧಿಕಾರ ಕಳೆದುಕೊಂಡರು. ಹಳ್ಳಿಗಳ ಬ್ಯಾಂಕ್ ಶಾಖೆಗಳು ಮುಚ್ಚುತ್ತಿದ್ದವು, ಯುವಕರು ನಗರಕ್ಕೆ ಹೋಗುತ್ತಿದ್ದರು, ಎಲ್ಲ ಸಿಟ್ಟೂ ಒಂದೆಡೆ ಸೇರಿತ್ತು. ಬಂದೂಕು ಅದರಲ್ಲಿ ಒಂದು ಭಾಗ. ಬ್ಯಾಂಕ್ ಹೋದಾಗ ಬಾರದ ಸರ್ಕಾರ ಬಂದೂಕು ಕೇಳಲು ಮಾತ್ರ ಬಂತು ಎಂದು ಆ ಜನಕ್ಕೆ ಅನ್ನಿಸಿದ್ದರೆ ಅದರಲ್ಲಿ ತಪ್ಪಿಲ್ಲ.

ನ್ಯೂಜಿಲೆಂಡಿನ ಕಥೆಯೂ ಹೆಚ್ಚು ಕಡಿಮೆ ಇದೇ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚಿನ ಎರಡು ಮಸೀದಿಗಳಲ್ಲಿ ದಾಳಿ, 51 ಸಾವು. ಒಂದು ತಿಂಗಳೊಳಗೆ ಸಂಸತ್ತು 119ಕ್ಕೆ 1 ಮತದಿಂದ ಕಾನೂನು ಮಾಡಿತು. ಸರ್ಕಾರ 56,000ಕ್ಕೂ ಹೆಚ್ಚು ಬಂದೂಕು ಕೊಂಡಿತು. ಹೊಸದರಂತಿದ್ದರೆ ಮೂಲ ಬೆಲೆಯ ಶೇ. 95, ಬಳಸಿದ್ದಕ್ಕೆ 70, ಹಾಳಾದದ್ದಕ್ಕೆ 25. ಅವಸರ ಆಯಿತು, ನಮ್ಮನ್ನು ಕೇಳಲಿಲ್ಲ ಎಂದು ಬಂದೂಕುದಾರರು ದೂರಿದರು. ವಿರುದ್ಧ ಬಿದ್ದ ಆ ಒಂದು ಮತ ಡೇವಿಡ್ ಸೀಮೋರ್ ಅವರದು. ಅವರ ಪಕ್ಷದ ಬಲ ಮರುವರ್ಷದ ಚುನಾವಣೆಯಲ್ಲಿ ಒಂದು ಸ್ಥಾನದಿಂದ ಹತ್ತಕ್ಕೆ ಏರಿತು.

ಕೆನಡಾದ ಮಾತು ಬೇರೆ. 2020ರ ಏಪ್ರಿಲ್‌ನಲ್ಲಿ ನೋವಾ ಸ್ಕೋಷಿಯಾದಲ್ಲಿ ಒಬ್ಬ 22 ಜನರನ್ನು ಕೊಂದ. ಮೇ 1ರಂದು ಸರ್ಕಾರ ಸುಮಾರು 1,500 ಮಾದರಿಗಳನ್ನು ಸಂಸತ್ತಿನಲ್ಲಿ ಚರ್ಚೆಯಿಲ್ಲದೆ ಆದೇಶದ ಮೂಲಕ ನಿಷೇಧಿಸಿ, ಕೊಂಡುಕೊಳ್ಳುತ್ತೇವೆ ಎಂದಿತು. ಅಲ್ಲಿಯೂ ಕೊಂದವನಿಗೆ ಲೈಸೆನ್ಸ್ ಇರಲಿಲ್ಲ, ಅವನ ಬಂದೂಕುಗಳಲ್ಲಿ ಹೆಚ್ಚಿನವು ಅಮೆರಿಕದಿಂದ ಕಳ್ಳದಾರಿಯಲ್ಲಿ ಬಂದವು. ಗಡಿಯನ್ನು ಬಿಟ್ಟು ನಮ್ಮ ಬಾಗಿಲಿಗೆ ಯಾಕೆ ಬಂದಿರಿ ಎಂಬ ಪ್ರಶ್ನೆಗೆ ಸರ್ಕಾರದ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ಅಪನಂಬಿಕೆಗೆ ಹಳೆಯ ಕಾರಣವೂ ಇತ್ತು. 1995ರಲ್ಲಿ ಬಂದೂಕು ನೋಂದಣಿ ತಂದಾಗ ಖಜಾನೆಗೆ ಬೀಳುವ ನಿವ್ವಳ ಹೊರೆ 20 ಲಕ್ಷ ಡಾಲರ್ ಎಂದಿದ್ದರು. ಏಳು ವರ್ಷದ ನಂತರ ಮಹಾಲೆಕ್ಕಪಾಲಕಿ ಷೀಲಾ ಫ್ರೇಸರ್ ಅದು 100 ಕೋಟಿ ದಾಟುತ್ತದೆ ಎಂದು ವರದಿ ಕೊಟ್ಟರು. 2012ರಲ್ಲಿ ಉದ್ದ ಬಂದೂಕುಗಳ ಆ ನೋಂದಣಿಯನ್ನೇ ರದ್ದು ಮಾಡಿದರು.

2022ರ ಕೊನೆಯಲ್ಲಿ ನಿಷೇಧದ ಪಟ್ಟಿಯನ್ನು ಬೇಟೆಯ ರೈಫಲ್‌ಗಳಿಗೂ ಹಿಗ್ಗಿಸುವ ತಿದ್ದುಪಡಿ ಬಂತು. ಹಿಮದ ನಾಡಿನಲ್ಲಿ ಮಾಂಸಕ್ಕಾಗಿ ಬೇಟೆಯಾಡುವ ಮೂಲನಿವಾಸಿಗಳ ಕೈಯಲ್ಲಿ ಸಾಮಾನ್ಯವಾಗಿದ್ದ ಎಸ್‌ಕೆಎಸ್ ರೈಫಲ್ ಕೂಡ ಪಟ್ಟಿಯಲ್ಲಿ ಸೇರಿತು. ಅವರ ರಾಷ್ಟ್ರೀಯ ಸಭೆ ತುರ್ತು ನಿರ್ಣಯ ಮಾಡಿ ಎದುರಿಸಿತು. ಬೇಟೆ ಆ ಜನರಿಗೆ ಮೋಜಲ್ಲ, ಸಂವಿಧಾನ ಮಾನ್ಯ ಮಾಡಿದ ಹಕ್ಕು, ಮನೆಮಂದಿಯ ಊಟ. ಎರಡು ತಿಂಗಳಲ್ಲಿ ಸರ್ಕಾರ ತಿದ್ದುಪಡಿ ಹಿಂತೆಗೆದುಕೊಂಡಿತು. ಆಲ್ಬರ್ಟಾ, ಸಸ್ಕಾಚೆವನ್ ಪ್ರಾಂತ್ಯಗಳು ಸಹಕರಿಸುವುದಿಲ್ಲ ಎಂದು ಸ್ವಂತ ಕಾನೂನನ್ನೇ ಮಾಡಿಕೊಂಡವು. ಒಪ್ಪಿಸುವ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಆಸ್ಟ್ರೇಲಿಯಾ ಒಂದು ವರ್ಷದಲ್ಲಿ ಮುಗಿಸಿದ ಕೆಲಸ ಕೆನಡಾದಲ್ಲಿ ಐದು ವರ್ಷವಾದರೂ ಮುಗಿದಿರಲಿಲ್ಲ.

ಇದರಿಂದ ನೊಂದವರು ಬಂದೂಕುದಾರರು ಮಾತ್ರ ಅಲ್ಲ. 1989ರ ಡಿಸೆಂಬರ್ 6ರಂದು ಮಾಂಟ್ರಿಯಲ್‌ನ ಎಂಜಿನಿಯರಿಂಗ್ ಕಾಲೇಜಿನಲ್ಲಿ 14 ಹೆಣ್ಣುಮಕ್ಕಳನ್ನು ಗುಂಡಿಕ್ಕಿ ಕೊಂದ ದಿನದಿಂದ ಇಂಥ ಕಾನೂನಿಗಾಗಿ ಬೇಡುತ್ತ ಬಂದ ಸಂತ್ರಸ್ತರಿದ್ದಾರೆ. ಕೆಟ್ಟದಾಗಿ ತಂದ ಕಾನೂನು ಅವರಿಗೂ ದ್ರೋಹ ಮಾಡಿತು.

ಈಗ ಆಸ್ಟ್ರೇಲಿಯಾದಲ್ಲಿ ಮತ್ತೆ ಅದೇ ಮಾತು ಎದ್ದಿದೆ. 2025ರ ಡಿಸೆಂಬರ್ 14ರಂದು ಸಿಡ್ನಿಯ ಬೊಂಡೈ ಕಡಲತೀರದಲ್ಲಿ ಯೆಹೂದಿಗಳ ಹನುಕಾ ಹಬ್ಬಕ್ಕೆ ಸೇರಿದ್ದವರ ಮೇಲೆ ಇಬ್ಬರು ಗುಂಡು ಹಾರಿಸಿ 15 ಜನರನ್ನು ಕೊಂದರು. ಪ್ರಧಾನಿ ಆಂಥೊನಿ ಆಲ್ಬನೀಸ್ ಕೆಲವೇ ದಿನಗಳಲ್ಲಿ ಹೊಸ ಮರುಖರೀದಿ ಯೋಜನೆ ಸಾರಿದರು. ದೇಶದಲ್ಲಿ ಈಗ 40 ಲಕ್ಷಕ್ಕೂ ಹೆಚ್ಚು ಬಂದೂಕುಗಳಿವೆ, 1996ಕ್ಕಿಂತ ಹೆಚ್ಚು. ಈ ಸಲದ ವ್ಯತ್ಯಾಸವನ್ನು ವಿರೋಧಿಗಳೂ ನೋಡಬೇಕು. ದಾಳಿ ಮಾಡಿದ ಇಬ್ಬರಲ್ಲಿ ಹಿರಿಯನ ಹತ್ತಿರ ಲೈಸೆನ್ಸ್ ಇತ್ತು, ಆರು ಬಂದೂಕು ಅವನ ಹೆಸರಿನಲ್ಲಿ ನೋಂದಣಿಯಾಗಿದ್ದವು. ಲೈಸೆನ್ಸ್ ಇದ್ದವನು ತಪ್ಪು ಮಾಡುವುದಿಲ್ಲ ಎಂಬ ಹಳೆಯ ವಾದವನ್ನು ಹಾಗೇ ಎತ್ತಿಕೊಂಡು ಬರಲಾಗದು. ಒಬ್ಬನಿಗೆ ಎಷ್ಟು ಬಂದೂಕು ಸಾಕು ಎಂಬ ಪ್ರಶ್ನೆಗೆ ಅವರೂ ಉತ್ತರ ಹೇಳಬೇಕು.

ಇಷ್ಟು ಹೇಳಿ ನಮ್ಮ ನಾಡಿನ ಕಡೆ ಒಂದು ಮಾತು. ಕೊಡಗಿನ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಕೋವಿ ಲೈಸೆನ್ಸಿನ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಅಡಿಯಲ್ಲೂ ಮುಂದುವರಿದಿದೆ. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಯನ್ನು ದೇವರ ಮುಂದಿಟ್ಟು, ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವ ಮನೆಗೆ ಅದು ಬರೀ ಲೋಹ ಮತ್ತು ಮರ ಅಲ್ಲ. ಬೆಲೆ ಕಟ್ಟಿ ಮುಗಿಸಬಹುದಾದ ವಸ್ತುವೂ ಅಲ್ಲ. ನಮ್ಮಲ್ಲಿ ಮರುಖರೀದಿಯ ಮಾತು ಬಂದಿಲ್ಲ. ಆದರೆ ಮಲೆನಾಡು, ಕರಾವಳಿಯ ಲೈಸೆನ್ಸುದಾರರಿಗೆ ಪ್ರತಿ ಚುನಾವಣೆಗೂ ಕೋವಿ ಠೇವಣಿ ಇಡುವ ಆದೇಶ ಬರುತ್ತದೆ. ಠಾಣೆಗೆ ಹೋಗಿ, ಕೋವಿ ಇಳಿಸಿ, ಸಹಿ ಹಾಕಿ, ರಸೀತಿ ಜೇಬಿಗಿಟ್ಟುಕೊಂಡು ಬರಿಗೈಯಲ್ಲಿ ಮನೆಗೆ ಬರಬೇಕು. ಅದೇ ವಾರ ಹಂದಿ ಹಿಂಡು ಗದ್ದೆಗೆ ನುಗ್ಗುತ್ತದೆ, ಬಾಳೆ ಅಡಿಕೆ ಗಿಡ ನೆಲಸಮ ಆಗುತ್ತವೆ. ಚುನಾವಣಾ ಆಯೋಗದ ಸೂಚನೆಯೇ ಎಲ್ಲರ ಕೋವಿಯನ್ನೂ ಕಿತ್ತುಕೊಳ್ಳಿ ಎನ್ನುವುದಿಲ್ಲ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರ ಲೈಸೆನ್ಸನ್ನು ಪರಿಶೀಲನಾ ಸಮಿತಿ ಒಂದೊಂದಾಗಿ ನೋಡಿ ತೀರ್ಮಾನಿಸಬೇಕು ಎನ್ನುತ್ತದೆ. ಒಂದೊಂದಾಗಿ ನೋಡುವುದು ಕಷ್ಟ, ಸಾರಾಸಗಟು ಆದೇಶ ಸುಲಭ.

ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಚುನಾವಣೆಗೆ ಮುಂಚೆ ಸಮಿತಿ ಕೂರಿಸಿ, ಕಡತ ಬಿಡಿಸಿ ನೋಡಿ, ಕೇಳಲೇಬೇಕಾದವರನ್ನು ಮಾತ್ರ ಕೇಳಿ, ಕೇಳುವಾಗ ಕಾರಣ ಹೇಳಿ. ಬೆಳೆಗಾರರಲ್ಲಿಯೂ ಒಂದು ವಿನಂತಿ. ಕೋವಿಯನ್ನು ಬೀಗದಲ್ಲಿಡಿ, ತೋಟೆಯನ್ನು ಬೇರೆ ಕಪಾಟಿನಲ್ಲಿಡಿ, ಮನೆಯಲ್ಲಿ ಕುಡಿತವೋ ಮನಸ್ಸಿನ ಕಾಯಿಲೆಯೋ ಇದ್ದರೆ ಯಾರೂ ಹೇಳುವ ಮೊದಲೇ ಕೋವಿಯನ್ನು ಠಾಣೆಗೆ ಒಪ್ಪಿಸಿ ಬನ್ನಿ.